ಊರಿನ ಪಂಪ್ ರಿಪೇರಿ ಅಂಗಡಿ ಉಳಿಯುತ್ತಾ? ಆನ್‌ಲೈನ್ ರೇಟಿನ ಹಿಂದಿನ ಪೂರ್ತಿ ಲೆಕ್ಕ

ಯಾದಗಿರಿಯಿಂದ ಮಾತಾಡ್ತಾ ಇದ್ದೀನಿ. ಇಯರ್‌ಫೋನ್ ಹಾಕ್ಕೊಂಡ್ರಾ? ಇವತ್ತಿನ ಎಪಿಸೋಡ್ ಒಂದು ಸಣ್ಣ ಪ್ರಶ್ನೆಯ ಮೇಲೆ. ಎಣ್ಣಿ ಹೊಡಿಯೋ ಪಂಪು ಫೋನಿನಲ್ಲಿ 500 ರೂಪಾಯಿ ಕಡಿಮೆಗೆ ಸಿಗ್ತಾ ಇದ್ರೆ, ಊರಿನ ಅಂಗಡಿಯಲ್ಲಿ ಯಾಕೆ ತಗೋಬೇಕು?

"ಸ್ಥಳೀಯ ವ್ಯಾಪಾರಿಗಳನ್ನು ಬೆಂಬಲಿಸಿ" ಅಂತ ಭಾಷಣ ಮಾಡಲ್ಲ. ರೊಕ್ಕ ನಿಮ್ಮದು, ಎಲ್ಲಿ ಖರ್ಚು ಮಾಡ್ಬೇಕು ಅನ್ನೋದೂ ನಿಮ್ಮದೇ. ನಾನು ಓದಿದ್ದು ಬಿಕಾಂ. ಅದಕ್ಕೆ ಲೆಕ್ಕ ಮಾತ್ರ ಬಿಡಿಸಿ ಇಡ್ತೀನಿ.

ಪೈಪೋಟಿ ಯಾರ ಜೊತೆ?

ದೊಡ್ಡ ಅಂಗಡಿ ಅಂದ್ರೆ ಗಾಜಿನ ಬಾಗಿಲು, ಎಸಿ, ತಳ್ಳೋ ಗಾಡಿ ನೆನಪಾಗುತ್ತೆ. ಬೆಂಗಳೂರಿನವರಿಗೆ ಅದು ಸರಿ. 2003ರಲ್ಲಿ ಜರ್ಮನಿಯ ಮೆಟ್ರೋ ಕಂಪನಿ ಭಾರತದ ತನ್ನ ಮೊದಲ ಸಗಟು ಮಳಿಗೆ ತೆರೆದದ್ದು ಬೆಂಗಳೂರಿನಲ್ಲೇ. 2023ರಲ್ಲಿ ಆ ವ್ಯವಹಾರ ಪೂರ್ತಿ ರಿಲಯನ್ಸ್ ಕೈಗೆ ಬಂತು. ನಮ್ಮ ಜಿಲ್ಲೆ ಕಥೆ ಬೇರೆ. 2011ರ ಜನಗಣತಿ ಪ್ರಕಾರ ಇಲ್ಲಿ 11.74 ಲಕ್ಷ ಜನ, ಐದರಲ್ಲಿ ನಾಲ್ಕು ಜನ ಹಳ್ಳಿಯವರು. ಇಲ್ಲಿ ಪೈಪೋಟಿ ಬಂದದ್ದು ಕಟ್ಟಡದ ರೂಪದಲ್ಲಿ ಅಲ್ಲ, ನಿಮ್ಮ ಕೈಯಲ್ಲಿರೋ ಫೋನಿನ ರೂಪದಲ್ಲಿ. ಫ್ಲಿಪ್‌ಕಾರ್ಟ್ 2007ರಲ್ಲಿ ಬೆಂಗಳೂರಲ್ಲೇ ಹುಟ್ಟಿತು, 2018ರಲ್ಲಿ ಅಮೆರಿಕದ ವಾಲ್‌ಮಾರ್ಟ್ ಅದರ ದೊಡ್ಡ ಪಾಲು ಕೊಂಡಿತು. ಅಮೆಜಾನ್ 2013ರಲ್ಲಿ ಭಾರತಕ್ಕೆ ಬಂತು. ಈಗ ಸುರಪುರದ ಹುಡುಗ ಡ್ರಿಲ್ ಮಷೀನ್ ರೇಟನ್ನು ಅಂಗಡಿ ಕಟ್ಟೆ ಮೇಲೆ ಕೂತೇ ಫೋನಿನಲ್ಲಿ ನೋಡ್ತಾನೆ, ಮಾಲೀಕರಿಗೂ ತೋರಿಸ್ತಾನೆ.

ಮಾಲೀಕರಿಗೆ ಸಿಟ್ಟು ಬರುತ್ತೆ. ಆದ್ರೆ ಹುಡುಗ ತೋರಿಸಿದ ರೇಟು ಸುಳ್ಳಲ್ಲ. ಲಕ್ಷಗಟ್ಟಲೆ ಮಾಲು ಒಟ್ಟಿಗೆ ಕೊಳ್ಳೋನಿಗೆ ಕಂಪನಿ ಕೊಡೋ ರೇಟು, ಹೈದರಾಬಾದಿನಿಂದಲೋ ಕಲಬುರಗಿಯಿಂದಲೋ ಎರಡು ಡಜನ್ ತರಿಸೋನಿಗೆ ಸಿಗಲ್ಲ. ಹೊಸ, ಪ್ಯಾಕ್ ಮಾಡಿದ, ಕಂಪನಿ ಹೆಸರಿರೋ ಮಾಲಿನ ಬೆಲೆಯಲ್ಲಿ ಸಣ್ಣ ಅಂಗಡಿ ಬಹಳ ಸಲ ಸೋಲುತ್ತೆ. ಇದನ್ನು ಮೊದಲೇ ಒಪ್ಕೊಂಡು ಮುಂದೆ ಹೋಗೋಣ.

ಒಂದನೇ ಲೆಕ್ಕ: ಕಪಾಟಿನದು

ನನ್ನ ಜೊತೆ ಬಿಕಾಂ ಓದಿದ ಗೆಳೆಯ ಒಬ್ಬ ಈಗ ಅಪ್ಪನ ಹಾರ್ಡ್‌ವೇರ್ ಅಂಗಡಿ ನೋಡ್ಕೋತಾನೆ. ಮುಂದೆ ಬಲ್ಬು, ವೈರು, ಪೈಪು, ಬಣ್ಣ. ಹಿಂದಿನ ಗೋಡೆಗೆ ಸಣ್ಣ ಸಣ್ಣ ಡಬ್ಬಿಗಳ ದೊಡ್ಡ ಕಪಾಟು: ಆಯಿಲ್ ಸೀಲ್, ಬೇರಿಂಗ್, ಬುಷ್, ವಾಷರ್, ಪಿಸ್ಟನ್ ರಿಂಗ್, ಫೂಟ್ ವಾಲ್ವ್, ಕಾರ್ಬೊರೇಟರ್ ಕಿಟ್. ಪಕ್ಕದಲ್ಲೇ ಒಬ್ಬ ಮೇಸ್ತ್ರಿ ಮೋಟಾರ್ ಬಿಚ್ಚಿಕೊಂಡು ಕೂತಿರ್ತಾರೆ. ಮೊನ್ನೆ ಗೆಳೆಯ ಕೇಳಿದ: "ಲೇ, ಈ ಸ್ಪೇರ್ ಕಪಾಟು ತೆಗೆದು ಮೊಬೈಲ್ ಕವರ್, ಚಾರ್ಜರ್ ಇಟ್ರ ಹೆಂಗ? ವರ್ಷಕ್ಕೊಮ್ಮಿ ಮಾರೋ ಸಾಮಾನಿಗಿ ಎಷ್ಟಂತ ರೊಕ್ಕ ಹಾಕ್ಲಿ?"

ಅವನ ಪ್ರಶ್ನೆಯಲ್ಲೇ ಇಡೀ ವಿಷಯ ಇದೆ. ಅರ್ಥ ಆಗೋಕೆ ಒಂದು ಉದಾಹರಣೆ ಹಿಡಿಯೋಣ. ಅಂಕಿ ನಾನು ಲೆಕ್ಕಕ್ಕಾಗಿ ಇಟ್ಟದ್ದು.

ಬಲ್ಬಿನ ಮೇಲೆ 10,000 ರೂಪಾಯಿ ಹಾಕಿದ್ದಾನೆ. ಲಾಭ ನೂರಕ್ಕೆ ಬರೀ 5. ಆದ್ರೆ ಮಾಲು ತಿಂಗಳಿಗೊಮ್ಮೆ ಖಾಲಿ ಆಗುತ್ತೆ, ಅದೇ ರೊಕ್ಕ ವರ್ಷಕ್ಕೆ 12 ಸಲ ತಿರುಗುತ್ತೆ. ವರ್ಷಕ್ಕೆ 6,000 ರೂಪಾಯಿ.

ಸ್ಪೇರ್ ಪಾರ್ಟ್ ಮೇಲೂ 10,000 ಹಾಕಿದ್ದಾನೆ. ಲಾಭ ನೂರಕ್ಕೆ 30. ಕೇಳೋಕೆ ಭಾರಿ ಅನ್ಸುತ್ತೆ. ಆದ್ರೆ ಮಾಲು ಪೂರ್ತಿ ಮಾರಾಟ ಆಗೋಕೆ ಒಂದು ವರ್ಷ ಬೇಕು. ವರ್ಷಕ್ಕೆ 3,000 ರೂಪಾಯಿ. ಅದರಲ್ಲೂ ಕೆಲವು ಸಾಮಾನು ಯಾವತ್ತೂ ಮಾರಾಟ ಆಗಲ್ಲ, ಆ ಮಾಡೆಲ್ ಎಂಜಿನ್ನೇ ಬಂದ್ ಆಗಿರುತ್ತೆ.

ಅಂದ್ರೆ, ಅಂಗಡಿ ಬಾಡಿಗೆ ಕಟ್ಟೋದು ಬಲ್ಬು. ಆ ಬಾಡಿಗೆಯ ಜಾಗದಲ್ಲಿ ಆಯಿಲ್ ಸೀಲ್ ಬದುಕುತ್ತೆ.

ಈಗ ಆನ್‌ಲೈನ್ ಕಂಪನಿ ಏನು ಮಾಡುತ್ತೆ? ಬೇಗ ಮಾರಾಟ ಆಗೋದನ್ನು ಮೊದಲು ಎತ್ತುತ್ತೆ. ಬಲ್ಬು, ಡ್ರಿಲ್, ನಲ್ಲಿ, ಬ್ಯಾಟರಿ ಪಂಪು. ಯಾವ ಹಳ್ಳಿಯ ಯಾವ ಹಳೇ ಎಂಜಿನ್ನಿಗೆ ಯಾವ ಅಳತೆಯ ಸೀಲ್ ಬೇಕು ಅನ್ನೋದು ಅವರಿಗೆ ಲಾಭದ ಕೆಲಸ ಅಲ್ಲ. ಬಲ್ಬಿನ ವ್ಯಾಪಾರ ಅರ್ಧ ಆದ್ರೆ ಗೆಳೆಯನ 6,000 ರೂಪಾಯಿ 3,000 ಆಗುತ್ತೆ. ಆಗ ಅವನು ಮೊದಲು ತೆಗೆಯೋದು ಏನನ್ನ? ಹಿಂದಿನ ಕಪಾಟನ್ನ. ನಾವು ಬಲ್ಬನ್ನು ಮಾತ್ರ ಬೇರೆ ಕಡೆ ಕೊಂಡಿರ್ತೀವಿ, ಆದ್ರೆ ಕಳ್ಕೊಳ್ಳೋದು ಸೀಲನ್ನ.

ಎರಡನೇ ಲೆಕ್ಕ: ಉದ್ರಿಯದು

ಒಂದು ಪಂಪ್‌ಸೆಟ್ ಅಂಗಡಿಯಲ್ಲಿ 20,000, ಆನ್‌ಲೈನಲ್ಲಿ 18,500 ಅಂತ ಇಟ್ಕೊಳ್ಳಿ. ಕೈಯಲ್ಲಿ ಪೂರ್ತಿ ರೊಕ್ಕ ಇದ್ದೋನಿಗೆ ಆನ್‌ಲೈನಲ್ಲಿ 1,500 ಉಳಿತಾಯ. ನೇರ ಲೆಕ್ಕ.

ಆದ್ರೆ ಬಿತ್ತನೆ ಹೊತ್ತಿನಲ್ಲಿ ರೈತನ ಕೈಯಲ್ಲಿ 5,000 ಮಾತ್ರ ಇದೆ. ಅಂಗಡಿಯವರು "ಉಳಿದದ್ದು ಹತ್ತಿ ಮಾರಿದ ಮ್ಯಾಲ ಕೊಡ್ರಿ" ಅಂತಾರೆ. ಆರು ತಿಂಗಳ ಉದ್ರಿ. ಒಟ್ಟು ಖರ್ಚು 20,000. ಆನ್‌ಲೈನಲ್ಲಿ ತಗೋಬೇಕಂದ್ರೆ 13,500 ಕೈಸಾಲ ಮಾಡ್ಬೇಕು. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ ಅಂದ್ರೆ ತಿಂಗಳಿಗೆ 270, ಆರು ತಿಂಗಳಿಗೆ 1,620. ಒಟ್ಟು ಖರ್ಚು 20,120. ಅಗ್ಗದ ಪಂಪು 120 ರೂಪಾಯಿ ತುಟ್ಟಿ ಆಯ್ತು.

ಸಹಕಾರ ಸಂಘದ ಬಡ್ಡಿ ಇಲ್ಲದ ಬೆಳೆಸಾಲದಿಂದ ಬೀಜ, ಗೊಬ್ಬರದ ಖರ್ಚು ನೀಗಿ ಕೈಯಲ್ಲಿ ನಗದು ಉಳಿದವರಿಗೆ ಈ ಲೆಕ್ಕ ಬೇರೆ. ಇನ್ನೊಂದು ಮಾತೂ ಹೇಳ್ಬೇಕು. ಉದ್ರಿಗೆ ಒಂದು ಕಹಿ ಮುಖ ಇದೆ. ಖಾತೆಯಲ್ಲಿ ಬಾಕಿ ಇರೋ ಗಿರಾಕಿ ಚೌಕಾಸಿ ಮಾಡೋಕೆ ಆಗಲ್ಲ. ಅಂಗಡಿಯವರು ಕೊಟ್ಟ ಕಂಪನಿ ಮಾಲೇ ತಗೋಬೇಕು, ಹೇಳಿದ್ದೇ ರೇಟು. ಉದ್ರಿ ಉಪಕಾರವೂ ಹೌದು, ಕಟ್ಟಿಹಾಕೋ ಹಗ್ಗವೂ ಹೌದು.

ಮೂರನೇ ಲೆಕ್ಕ: ಟೈಮಿನದು

ನಮ್ಮ ಮಾವನವರ ಹೊಲ ಶಹಾಪುರ ತಾಲೂಕಿನಲ್ಲಿ. ನಾರಾಯಣಪುರ ಅಣೆಕಟ್ಟಿನ ಕಾಲುವೆ ನೀರು ಕೊನೆ ಭಾಗಕ್ಕೆ ಬರೋ ಹೊತ್ತಿಗೆ ಇಷ್ಟೇ ಇಷ್ಟು. ಅದಕ್ಕೆ ಮೋಟಾರ್ ಬೇಕೇ ಬೇಕು. ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟು ಉಚಿತ, ತ್ರೀ ಫೇಸ್ ಕೊಡೋದು ದಿನಕ್ಕೆ ಏಳು ತಾಸು ಅಂತ ಲೆಕ್ಕ. ಆ ಏಳು ತಾಸಿನಲ್ಲಿ ಎಲ್ಲರ ಮೋಟಾರೂ ಒಟ್ಟಿಗೆ ಚಾಲೂ. ವೋಲ್ಟೇಜ್ ಇಳಿಯುತ್ತೆ. ವೋಲ್ಟೇಜ್ ಇಳಿದಾಗ ಅಷ್ಟೇ ಕೆಲಸಕ್ಕೆ ಮೋಟಾರ್ ಹೆಚ್ಚು ಕರೆಂಟ್ ಎಳೆಯುತ್ತೆ, ವೈಂಡಿಂಗ್ ಕಾಯುತ್ತೆ. ಮೂರು ಫೇಸಿನಲ್ಲಿ ಒಂದು ಹೋದ್ರಂತೂ ಮುಗೀತು, ಮೋಟಾರ್ ಸುಡುತ್ತೆ.

ಸುಟ್ಟ ಮೋಟಾರ್ ರಿಪೇರಿ ಅಂದ್ರೆ ಮೇಲೆತ್ತಬೇಕು, ಬಿಚ್ಚಬೇಕು, ಸುಟ್ಟ ತಂತಿ ತೆಗೀಬೇಕು, ಎಷ್ಟು ಸುತ್ತು, ಯಾವ ದಪ್ಪದ ತಂತಿ ಅಂತ ನೋಡಿ ಹೊಸದು ಸುತ್ತಬೇಕು, ಬೇರಿಂಗ್, ಬುಷ್ ಪರೀಕ್ಷೆ ಮಾಡ್ಬೇಕು. ಇದು ಪಾರ್ಸೆಲ್‌ನಲ್ಲಿ ಬರೋ ಸಾಮಾನಲ್ಲ, ಕೈಯಲ್ಲಿರೋ ಕಸುಬು. ಒಳ್ಳೆ ಮೇಸ್ತ್ರಿ ಸಿಕ್ಕರೆ ಒಂದೆರಡು ದಿನದ ಕೆಲಸ. ಕಂಪನಿ ಸರ್ವಿಸ್ ಸೆಂಟರ್ ಇರೋದು ದೊಡ್ಡ ಊರಲ್ಲಾದ್ರೆ? ಮೋಟಾರನ್ನು ಗಾಡಿಗೆ ಹಾಕಿ ಕಳಿಸಿ ವಾಪಸ್ ಬರೋವರೆಗೆ ಕಾಯಬೇಕು. ಮೆಣಸಿನಕಾಯಿ, ಭತ್ತ ಅಷ್ಟು ದಿನ ಕಾಯಲ್ಲ. ಮಾವ ಹೇಳೋದು ಇಷ್ಟೇ: "ಪಂಪ್ ತುಟ್ಟಿ ಆದ್ರ ತಡಕೊಬೌದಪ, ಬೆಳಿ ಒಣಗಿದ್ರ ತಡಕೊಳ್ಳಾಕ ಆಗಂಗಿಲ್ಲ."

ಹಾಗಾದ್ರೆ ಊರಿನ ಅಂಗಡಿ ದೇವರೇ?

ಅಲ್ಲ. ಮೂರು ದೂರು ನಾನೇ ಹೇಳ್ತೀನಿ.

ಮೊದಲನೇದು ಬಿಲ್. "ಬಿಲ್ ಬೇಕಂದ್ರ ಟ್ಯಾಕ್ಸ್ ಸೇರತದ" ಅನ್ನೋ ಮಾತು ಎಲ್ಲರೂ ಕೇಳಿರ್ತೀರಿ. ಬಿಲ್ ಇಲ್ಲಾಂದ್ರೆ ವಾರಂಟಿ ಕೇಳೋದು ಕಷ್ಟ. ಇದರ ಹಿಂದಿನ ನಿಯಮ ತಿಳ್ಕೊಳ್ಳಿ. ಬರೀ ಸರಕು ಮಾರೋರಿಗೆ ವರ್ಷಕ್ಕೆ 40 ಲಕ್ಷದವರೆಗೆ ವಹಿವಾಟು ಇದ್ರೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಕಡ್ಡಾಯ ಇಲ್ಲ. ನೋಂದಣಿ ಆದವರು 1.5 ಕೋಟಿವರೆಗೆ ಕಾಂಪೊಸಿಷನ್ ಸ್ಕೀಮ್ ತಗೋಬಹುದು. ವ್ಯಾಪಾರಿ ವಹಿವಾಟಿನ ಮೇಲೆ ಶೇ 1 ಕಟ್ತಾರೆ, ಆದ್ರೆ ಗಿರಾಕಿಯಿಂದ ಟ್ಯಾಕ್ಸ್ ಅಂತ ಬೇರೆ ವಸೂಲಿ ಮಾಡೋ ಹಾಗಿಲ್ಲ. ಅಂದ್ರೆ ಕಾಂಪೊಸಿಷನ್ ಅಂಗಡಿಯವರು "ಬಿಲ್ ಬೇಕಂದ್ರೆ ಶೇ 18 ಹೆಚ್ಚು" ಅಂದ್ರೆ ಅದು ತಪ್ಪು.

2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ, ಬೆಂಗಳೂರಿನಲ್ಲಿ ಎಷ್ಟೋ ಅಂಗಡಿಗಳು ಕ್ಯೂಆರ್ ಕೋಡ್ ತೆಗೆದು ನಗದು ಮಾತ್ರ ಅಂತ ಬೋರ್ಡ್ ಹಾಕಿದ್ವು. ಆ ಹೆದರಿಕೆ ಅರ್ಥ ಆಗುತ್ತೆ. ಆದ್ರೆ ಲೆಕ್ಕ ಇಡದ ಅಂಗಡಿಗೆ ಬ್ಯಾಂಕ್ ಸಾಲವೂ ಸುಲಭಕ್ಕೆ ಸಿಗಲ್ಲ, ಜಿಎಸ್‌ಟಿ ನಂಬರ್ ಇರೋ ಕಂಟ್ರಾಕ್ಟರ್ ಗಿರಾಕಿಯೂ ಬರಲ್ಲ.

ಎರಡನೇದು ಡುಪ್ಲಿಕೇಟ್ ಮಾಲು. ಕಂಪನಿ ಡಬ್ಬಿಯಲ್ಲಿ ಲೋಕಲ್ ಬೇರಿಂಗ್. ಇದು ಆನ್‌ಲೈನಲ್ಲೂ ಇದೆ, ಊರಲ್ಲೂ ಇದೆ. ವೈರು, ಸ್ವಿಚ್‌ನಂಥದ್ದಕ್ಕೆ ಐಎಸ್‌ಐ ಗುರುತಿನ ಜೊತೆ ಲೈಸೆನ್ಸ್ ನಂಬರ್ ಇರುತ್ತೆ. ಬಿಐಎಸ್ ಕೇರ್ ಅನ್ನೋ ಸರ್ಕಾರಿ ಆ್ಯಪಿನಲ್ಲಿ ಆ ನಂಬರ್ ಹಾಕಿ ಅಸಲಿಯೋ ನಕಲಿಯೋ ನೋಡಬಹುದು.

ಮೂರನೇದು ದರದ ಗುಟ್ಟು. ಮುಖ ನೋಡಿ ರೇಟು ಹೇಳೋ ಅಂಗಡಿಯನ್ನು ನಮ್ಮ ವಯಸ್ಸಿನವರು ನಂಬಲ್ಲ. ಫೋನಿನಲ್ಲಿ ಎಲ್ಲರಿಗೂ ಬೆಲೆ ಕಾಣುತ್ತೆ. ಅಂಗಡಿಯಲ್ಲೂ ಹಾಗೇ ಕಾಣಬೇಕು.

ಕಾನೂನು ಏನು ಹೇಳುತ್ತೆ?

ವಿದೇಶಿ ಬಂಡವಾಳ ಇರೋ ಆನ್‌ಲೈನ್ ಕಂಪನಿ ಮಾರೋರಿಗೂ ಕೊಳ್ಳೋರಿಗೂ ನಡುವಿನ ಸಂತೆ ಆಗಿರಬಹುದು ಅಷ್ಟೇ. ತಾನೇ ಮಾಲು ಇಟ್ಕೊಂಡು ಗ್ರಾಹಕರಿಗೆ ಮಾರೋ ಹಾಗಿಲ್ಲ, ಬೆಲೆ ಮೇಲೆ ನೇರವಾಗಿಯೋ ಪರೋಕ್ಷವಾಗಿಯೋ ಪ್ರಭಾವ ಬೀರೋ ಹಾಗಿಲ್ಲ. 2019ರ ಫೆಬ್ರುವರಿ 1ರಿಂದ ಈ ನಿಯಮ ಇನ್ನೂ ಬಿಗಿ ಆಯ್ತು. ಆದ್ರೆ ಪೂರ್ತಿ ಭಾರತೀಯ ಮಾಲೀಕತ್ವದ ದೊಡ್ಡ ಚೈನ್‌ಗೆ ಈ ನಿರ್ಬಂಧ ಇಲ್ಲ. ಅದಕ್ಕೆ ಕಾನೂನೊಂದೇ ನಮ್ಮ ಅಂಗಡಿ ಕಾಯುತ್ತೆ ಅಂತ ಕೂರೋ ಹಾಗಿಲ್ಲ.

ಗ್ರಾಹಕರಿಗೆ ಎರಡು ಗಟ್ಟಿ ಅಸ್ತ್ರ ಇವೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನೀವು ಇರೋ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಮಾರಿದ ಕಂಪನಿ ದಿಲ್ಲಿಯಲ್ಲಿದ್ದರೂ ಅಡ್ಡಿ ಇಲ್ಲ. 5 ಲಕ್ಷದವರೆಗಿನ ಖರೀದಿಗೆ ಫೀಸೂ ಇಲ್ಲ. ಅದಕ್ಕೂ ಮೊದಲು 1915 ಸಹಾಯವಾಣಿಗೆ ಫೋನ್ ಮಾಡಿ ನೋಡಿ. ಇನ್ನೊಂದು, ಕೇಂದ್ರ ಸರ್ಕಾರ 2022ರ ಡಿಸೆಂಬರ್ 24ರಂದು ಶುರು ಮಾಡಿದ 'ರೈಟ್ ಟು ರಿಪೇರ್' ಪೋರ್ಟಲ್. ರಿಪೇರಿ, ಸ್ಪೇರ್, ವಾರಂಟಿ ಮಾಹಿತಿಯನ್ನು ಕಂಪನಿಗಳು ಒಂದೇ ಕಡೆ ಕೊಡಲಿ ಅನ್ನೋದು ಉದ್ದೇಶ. ಕೃಷಿ ಉಪಕರಣವೂ ಅದರಲ್ಲಿ ಸೇರಿದೆ. ಕಂಪನಿ ಮ್ಯಾನುಯಲ್ ನಮ್ಮ ಮೇಸ್ತ್ರಿ ಕೈಗೂ ಸಿಕ್ಕರೆ ಅವರ ಕೆಲಸ ಇನ್ನೂ ಸಲೀಸು.

ಅಂಗಡಿ ಏನು ಮಾಡಬಹುದು?

ಅಮೆರಿಕದಲ್ಲಿ ಏಸ್ ಹಾರ್ಡ್‌ವೇರ್ ಅಂತ ಒಂದು ಹೆಸರಿದೆ. 1924ರಲ್ಲಿ ಷಿಕಾಗೊದಲ್ಲಿ ಶುರು ಆಯ್ತು. ಇವತ್ತು ಅದು ಸಹಕಾರಿ, ಅದರ ಒಡೆಯರು ಆಯಾ ಊರಿನ ಅಂಗಡಿಯವರೇ. ಒಟ್ಟಿಗೆ ಕೊಳ್ತಾರೆ, ಬೇರೆ ಬೇರೆ ಮಾರ್ತಾರೆ. ಹೋಮ್ ಡಿಪೋದಂಥ ದೈತ್ಯನ ಎದುರೂ ಉಳಿದಿದ್ದಾರೆ. ಯಾದಗಿರಿ, ಶಹಾಪುರ, ಸುರಪುರದ ಹತ್ತು ಅಂಗಡಿಯವರು ಬಲ್ಬು, ಪೈಪಿನ ಆರ್ಡರ್ ಒಂದೇ ಸಲ ಕೊಟ್ಟರೆ ರೇಟು ಕೇಳೋ ಧೈರ್ಯ ಬರುತ್ತೆ. ಸ್ಪೇರ್ ಕೂಡ ಹಂಚ್ಕೊಳ್ಳಬಹುದು. ಎಲ್ಲರೂ ಎಲ್ಲಾ ಸೀಲ್ ಇಡೋ ಬದಲು, ಯಾರ ಹತ್ರ ಏನಿದೆ ಅಂತ ಒಂದು ವಾಟ್ಸ್‌ಆ್ಯಪ್ ಗ್ರೂಪ್ ಸಾಕು.

ಗೆಳೆಯನಿಗೆ ನಾನು ಹೇಳಿದ್ದೂ ಇದನ್ನೇ. ಕಪಾಟು ತೆಗೀಬೇಡ, ಸಣ್ಣದು ಮಾಡು. ಎರಡು ವರ್ಷದಿಂದ ಅಲುಗಾಡದ ಡಬ್ಬಿ ಹೊರಗೆ ಹಾಕು. ರಿಪೇರಿ ಕೂಲಿ ಎಷ್ಟು ಅಂತ ಗೋಡೆ ಮೇಲೆ ಬರಿ. ಇಲ್ಲೀವರೆಗೆ ಮೇಸ್ತ್ರಿಯ ಸಲಹೆ ಪುಕ್ಕಟೆ, ಸಾಮಾನಿಗೆ ಮಾತ್ರ ರೊಕ್ಕ. ಆದ್ರೆ ನಿಮ್ಮಲ್ಲಿ ಇರೋದು, ಫೋನಿನಲ್ಲಿ ಇಲ್ಲದ್ದು ಆ ಸಲಹೆಯೇ. ಅದಕ್ಕೆ ರೇಟು ಹಾಕು. ಆನ್‌ಲೈನಲ್ಲಿ ತಂದ ಪಂಪನ್ನೂ "ಅಲ್ಲೇ ಹೋಗಿ ರಿಪೇರಿ ಮಾಡಿಸ್ಕೋ" ಅಂತ ಬೈದು ಕಳಿಸ್ಬೇಡ, ಕೂಲಿ ತಗೊಂಡು ಮಾಡಿಕೊಡು.

ರಿಪೇರಿ ಅಂಗಡಿಯನ್ನು ಕೀಳಾಗಿ ನೋಡೋರಿಗೆ ಒಂದು ಮಾತು. 1888ರಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿಯಲ್ಲಿ ತೆರೆದದ್ದು ಒಂದು ಸೈಕಲ್ ಅಂಗಡಿ. ನಮ್ಮ ಹೊಲಗಳಲ್ಲಿ ಇವತ್ತು ಓಡೋ ಎಷ್ಟೋ ಪಂಪುಗಳ ಮೇಲಿರೋ ಹೆಸರು ಆ ಅಂಗಡಿಯಿಂದ ಬಂದದ್ದು.

ಕೊನೆಗೆ ನಿಮಗೆ

ಹೊಸ ಸಾಮಾನು ತಗೋಳೋ ಮೊದಲು ನಾಲ್ಕು ಪ್ರಶ್ನೆ ಕೇಳ್ಕೊಳ್ಳಿ. ಇದು ಕೆಟ್ಟರೆ ರಿಪೇರಿ ಮಾಡೋರು ಎಷ್ಟು ದೂರ? ಇದರ ಸ್ಪೇರ್ ಊರಲ್ಲಿ ಸಿಗುತ್ತಾ? ಕೈಯಲ್ಲಿ ನಗದು ಇದೆಯಾ, ಸಾಲ ಮಾಡ್ಬೇಕಾ? ಇದು ನಿಂತರೆ ದಿನಕ್ಕೆ ನನಗೆ ಎಷ್ಟು ನಷ್ಟ? ಮನೆಗೆ ಡ್ರಿಲ್ ಆದ್ರೆ ನಾಲ್ಕಕ್ಕೂ ಉತ್ತರ ಹಗುರ, ಅಗ್ಗ ಎಲ್ಲಿ ಸಿಕ್ಕರೂ ತಗೊಳ್ಳಿ. ಹೊಲದ ಮೋಟಾರ್ ಆದ್ರೆ ಮೊದಲು ಮೇಸ್ತ್ರಿ ಹತ್ರ ಹೋಗಿ, "ಯಾವ ಕಂಪನಿದು ತಗೊಂಡ್ರ ನಿಮಗ ರಿಪೇರಿ ಮಾಡಾಕ ಬರತದ?" ಅಂತ ಕೇಳಿ. ಆಮೇಲೆ ರೇಟು ನೋಡಿ. ಎಲ್ಲೇ ತಗೊಂಡ್ರೂ ಬಿಲ್ ಕೇಳಿ, ಫೋಟೋ ಹೊಡೆದು ಇಟ್ಕೊಳ್ಳಿ.

ನಿಮ್ಮ ಊರಲ್ಲಿ ಇಂಥ ಕಪಾಟು ಇರೋ ಅಂಗಡಿ ಇದ್ರೆ ವಾಯ್ಸ್ ಮೆಸೇಜ್ ಕಳಿಸಿ. ಅಲ್ಲಿ ಏನು ಸಿಗುತ್ತೆ, ಏನು ಸಿಗಲ್ಲ ಅಂತ ಎರಡೂ ಹೇಳಿ. ಮುಂದಿನ ವಾರ ಸಿಗೋಣ್ರಿ.