ಹೂಗಿಡವಾಗಿ ಬಂದು ಕಾಡು ನುಂಗಿದ ಲಂಟಾನ

ಮಲೆ ಮಹದೇಶ್ವರ ಬೆಟ್ಟ ಇಳಿದು ಪಾಲಾರ್ ಕಡೆಗೆ ಹೊರಟರೆ ರಸ್ತೆ ಬದಿಯಲ್ಲಿ ಮತ್ತೆ ಮತ್ತೆ ಎದುರಾಗುವ ಪೊದೆ ಲಂಟಾನ. ಕಾಡನ್ನು ಕಬಳಿಸುವ ಗಿಡವೊಂದನ್ನು ಕಲ್ಪಿಸಿ ಬರೆಯಿರಿ ಎಂದು ಕಥೆಗಾರರಿಗೆ ಹೇಳಿದ್ದರೂ ಇಷ್ಟು ಸಜ್ಜಾದ ಗಿಡ ಹುಟ್ಟುತ್ತಿತ್ತೋ ಇಲ್ಲವೋ!

ಅದರ ಮೈಕಟ್ಟನ್ನೇ ನೋಡಿ. ಎಳೆ ಕಾಂಡ ದುಂಡಗಿಲ್ಲ, ಚೌಕ. ಅದರ ಮೇಲೆ ಹಿಂದಕ್ಕೆ ಬಾಗಿದ ಸಣ್ಣ ಮುಳ್ಳುಗಳು. ಪೊದೆಯೊಳಗೆ ತೂರಿಸಿದ ಕೈ ಹೊರಗೆಳೆಯುವಾಗ ಗೀರಿಸಿಕೊಳ್ಳುವುದು ಅದಕ್ಕೇ. ಒರಟು ಎಲೆ ಉಜ್ಜಿದರೆ ಘಾಟು. ತಿಂದ ದನದ ಯಕೃತ್ತು ಕೆಟ್ಟು, ಬಿಸಿಲಿಗೆ ಚರ್ಮ ಸುಲಿಯುತ್ತದೆ. ಗೊಂಚಲಿನ ನಡುವೆ ಆಗಷ್ಟೇ ಅರಳಿದ ಹಳದಿ ಹೂ, ಅಂಚಿನಲ್ಲಿ ಹಳತಾಗಿ ಕಿತ್ತಳೆಗೋ ಗುಲಾಬಿಗೋ ತಿರುಗಿದ ಹೂ. ಮಕರಂದ ಎಲ್ಲಿದೆಯೆಂದು ಚಿಟ್ಟೆ ತಡಕಾಡಬೇಕಿಲ್ಲ, ಹಳದಿಗೆ ಹೋದರಾಯಿತು.

ಹಣ್ಣಂತೂ ಮೆಣಸಿನ ಕಾಳಿನಷ್ಟು. ಹಸಿರು ಕಾಯಿ ಮಾಗಿ ಮಿರಮಿರ ಮಿಂಚುವ ನೀಲಿಗಪ್ಪಾಗುತ್ತದೆ. ಪಿಕಳಾರ ತಿಂದು ಹಾರಿದಲ್ಲೆಲ್ಲ ಬಿತ್ತನೆ.

ಉಷ್ಣವಲಯದ ಅಮೆರಿಕದ ಈ ಗಿಡವನ್ನು 19ನೇ ಶತಮಾನದ ಆರಂಭದಲ್ಲಿ ಅಂದಕ್ಕೆಂದು ಭಾರತಕ್ಕೆ ತಂದರು. ಯಳಂದೂರಿನ ಮಗ್ಗುಲಿನ ಬಿಳಿಗಿರಿರಂಗನ ಬೆಟ್ಟದಲ್ಲಿ ಸಂಶೋಧಕರು 1997ರಲ್ಲಿ ನೋಡಿದ್ದ ತಾಣಗಳನ್ನೇ 2008ರಲ್ಲಿ ಮತ್ತೆ ನೋಡಿದಾಗ, ಲಂಟಾನ ಇರುವ ತಾಣಗಳು ಸುಮಾರು ಇಮ್ಮಡಿಯಾಗಿದ್ದವು.

ಗಿಡ ಹೀಗೆ ಹಬ್ಬಲು ಇಲ್ಲಿನ ಆದಿವಾಸಿಗಳಾದ ಸೋಲಿಗರು ಒಂದು ಕಾರಣ ಹೇಳುತ್ತಾರೆ. ಹಿಂದೆ ಬೇಸಿಗೆಯ ಆರಂಭದಲ್ಲಿ ಇಡುತ್ತಿದ್ದ ತರಗು ಬೆಂಕಿ ನೆಲದ ಒಣಗಿದೆಲೆಯನ್ನಷ್ಟೇ ಸುಟ್ಟು ಸಾಗುತ್ತಿತ್ತು. ಅದರೊಟ್ಟಿಗೆ ಲಂಟಾನದ ಸಸಿಗಳೂ ಸಾಯುತ್ತಿದ್ದವು. 1974ರಲ್ಲಿ ಬೆಟ್ಟ ಅಭಯಾರಣ್ಯವಾದ ಮೇಲೆ ಆ ಬೆಂಕಿಗೆ ತಡೆ ಬಿತ್ತು. ಕಾಡಲ್ಲೇ ಬಾಳಿದವರ ಈ ಮಾತಿನಲ್ಲಿ ತೂಕವಿದೆ. ಹಾಗೆಂದು ಈಗ ಕಡ್ಡಿ ಗೀರುವಂತಿಲ್ಲ: ಪೊದೆ ಆಳೆತ್ತರ ದಾಟಿರುವಲ್ಲಿ ಬೆಂಕಿ ನೆಲದಲ್ಲಿ ನಿಲ್ಲದೆ ಮರಕ್ಕೇರುತ್ತದೆ.

ಮಹದೇಶ್ವರ ಬೆಟ್ಟದಲ್ಲಿ 'ಏಟ್ರೀ' ಪರಿಸರ ಸಂಶೋಧನಾ ಸಂಸ್ಥೆಯಿಂದ ತರಬೇತಿ ಪಡೆದ ಸೋಲಿಗರು ಈ ಗಿಡಕ್ಕೊಂದು ಬೆಲೆ ತಂದರು. ಕಾಂಡವನ್ನು ನೀರಿನಲ್ಲಿ ಬೇಯಿಸಿ ಸಿಪ್ಪೆ ಸುಲಿದರೆ, ಬಿಸಿ ಆರುವ ಮುನ್ನ ಬೆತ್ತದಂತೆ ಬಾಗುತ್ತದೆ. ಕುರ್ಚಿ, ಬುಟ್ಟಿ, ಆಳೆತ್ತರ ಮೀರಿದ ಆನೆಗಳೂ ಹೀಗೆ ತಯಾರಾಗುತ್ತವೆ. ತಮಿಳುನಾಡಿನ ಗೂಡಲೂರಿನ ಕಡೆ ಆದಿವಾಸಿಗಳು ಕಟ್ಟಿದ ಲಂಟಾನದ ಆನೆಗಳು 2021ರಲ್ಲಿ ಲಂಡನ್ನಿನ ಉದ್ಯಾನಗಳಲ್ಲೂ ನಿಂತಿದ್ದವು.

ಕರಕುಶಲಕ್ಕೆ ಬೇಕಾದದ್ದು ಕಾಂಡ ಮಾತ್ರ. ಅದನ್ನು ಕಡಿದರೆ ಬುಡ ಮತ್ತೆ ಚಿಗುರುತ್ತದೆ. ಗಿಡ ಸಾಯಬೇಕಾದರೆ ಮಣ್ಣಿನಡಿ ಬೇರಿನ ತಲೆಯನ್ನೇ ಕತ್ತರಿಸಿ, ಪೊದೆಯನ್ನು ತಲೆಕೆಳಗಾಗಿ ಒಣಗಲು ಹಾಕಬೇಕು. ಹಕ್ಕಿಗಳು ಬಿತ್ತಿದ ಹೊಸ ಸಸಿಗಳನ್ನು ಕೀಳಲು ಮಳೆ ಬಿದ್ದ ಮೇಲೆ ಮತ್ತೆ ಅಲ್ಲಿಗೇ ಬರಬೇಕು.