ಏನೇನಿದೆ, ಎಷ್ಟು ಬಗೆ? ವೈಶೇಷಿಕರ ಏಳು ಪದಾರ್ಥಗಳು

ಜಗತ್ತಿನಲ್ಲಿ ಏನೇನಿದೆ, ಇರುವುದೆಲ್ಲ ಎಷ್ಟು ಬಗೆ, ‘ಇದೆ’ ಎನ್ನಲು ಆಧಾರವೇನು? ಈ ಮೂರು ಪ್ರಶ್ನೆಗಳನ್ನು ಹಿಡಿದು ಸಾಗುವ ಶಾಸ್ತ್ರ ತತ್ತ್ವಮೀಮಾಂಸೆ. ಗಿಡದ ವಿಚಾರವನ್ನು ಸಸ್ಯಶಾಸ್ತ್ರ ಹೇಳುತ್ತದೆ, ಗ್ರಹದ ವಿಚಾರವನ್ನು ಖಗೋಳಶಾಸ್ತ್ರ ಹೇಳುತ್ತದೆ. ಗಿಡ, ಗ್ರಹ, ಸಂಖ್ಯೆ, ಸಿಟ್ಟು ಎಲ್ಲವೂ ‘ಇವೆ’ ಎಂದಾಗ ಆ ಇರುವಿಕೆ ಎಲ್ಲ ಕಡೆ ಒಂದೇ ತೆರನೋ ಬೇರೆ ಬೇರೆಯೋ ಎಂದು ಕೇಳುವುದು ತತ್ತ್ವಮೀಮಾಂಸೆ ಮಾತ್ರ. ಗ್ರೀಸಿನಲ್ಲಿ ಕ್ರಿ.ಪೂ. 4ನೇ ಶತಮಾನದ ಅರಿಸ್ಟಾಟಲ್ ಇರುವಿಕೆಯನ್ನೇ ವಿಷಯವಾಗಿ ಉಳ್ಳ ಶಾಸ್ತ್ರವೊಂದು ಬೇಕೆಂದು ವಾದಿಸಿದ, ಇರುವುದನ್ನು ಹತ್ತು ವರ್ಗಗಳಲ್ಲಿ ವಿಂಗಡಿಸಿದ. ಭಾರತದಲ್ಲಿ ಈ ವಿಂಗಡಣೆಯನ್ನೇ ತನ್ನ ಮುಖ್ಯ ಕೆಲಸವೆಂದುಕೊಂಡದ್ದು ವೈಶೇಷಿಕ ದರ್ಶನ.

ಈ ದರ್ಶನದ ಮೂಲ ಕಣಾದನ ‘ವೈಶೇಷಿಕ ಸೂತ್ರ’. ಅದಕ್ಕೆ ಒಂದು ಕಟ್ಟುನಿಟ್ಟಾದ ರೂಪ ಕೊಟ್ಟದ್ದು ಸುಮಾರು 6ನೇ ಶತಮಾನದ ಪ್ರಶಸ್ತಪಾದನ ‘ಪದಾರ್ಥಧರ್ಮಸಂಗ್ರಹ’. ಅದರ ಮೇಲೆ ವ್ಯೋಮಶಿವ, ಶ್ರೀಧರ, ಉದಯನ ಮುಂತಾದವರು ವ್ಯಾಖ್ಯಾನ ಬರೆದರು. ಪ್ರಮಾಣಗಳ, ಅಂದರೆ ಅರಿವಿನ ಸಾಧನಗಳ, ಚರ್ಚೆಯಲ್ಲಿ ಪಳಗಿದ್ದ ನ್ಯಾಯ ದರ್ಶನ ಕಾಲಕ್ರಮದಲ್ಲಿ ವೈಶೇಷಿಕದೊಡನೆ ಬೆರೆಯಿತು. 17ನೇ ಶತಮಾನದಲ್ಲಿ ಅನ್ನಂಭಟ್ಟ ಬರೆದ ‘ತರ್ಕಸಂಗ್ರಹ’ ಈ ಎರಡರ ಸಾರವನ್ನೂ ಕೆಲವೇ ಪುಟಗಳಲ್ಲಿ ಹಿಡಿದಿಟ್ಟಿದೆ. ಸಂಸ್ಕೃತ ಪಾಠಶಾಲೆಗಳಲ್ಲಿ ಶಾಸ್ತ್ರದ ಓದು ಇಂದಿಗೂ ಹೆಚ್ಚಾಗಿ ಈ ಪುಸ್ತಕದಿಂದ ಶುರುವಾಗುತ್ತದೆ.

ಏಳು ಬಗೆ

ತರ್ಕಸಂಗ್ರಹದ ಪ್ರಕಾರ ಇರುವುದೆಲ್ಲ ಏಳು ಪದಾರ್ಥಗಳಲ್ಲಿ, ಅಂದರೆ ಇರುವುದರ ಮೂಲ ಬಗೆಗಳಲ್ಲಿ, ಅಡಗುತ್ತದೆ: ದ್ರವ್ಯ, ಗುಣ, ಕರ್ಮ, ಸಾಮಾನ್ಯ, ವಿಶೇಷ, ಸಮವಾಯ ಮತ್ತು ಅಭಾವ. ಈ ಲೆಕ್ಕ ಎಲ್ಲರಿಗೂ ಎಲ್ಲ ಕಾಲಕ್ಕೂ ಒಂದೇ ಆಗಿರಲಿಲ್ಲ. ಪ್ರಶಸ್ತಪಾದ ಆರು ಪದಾರ್ಥಗಳನ್ನು ಹೇಳಿದ್ದ. ಏಳನೆಯದಾದ ಅಭಾವ ಆಮೇಲೆ ಪಟ್ಟಿಗೆ ಸೇರಿತು. ಚಂದ್ರಮತಿ ಎಂಬವನು ಹತ್ತು ಪದಾರ್ಥಗಳನ್ನು ಹೇಳಿದ. ಅವನ ಗ್ರಂಥ ಉಳಿದುಬಂದಿರುವುದು ಚೀನೀ ಭಾಷೆಯಲ್ಲಿ. ಅದನ್ನು 648ರಲ್ಲಿ ಅನುವಾದಿಸಿದವನು ಇಮ್ಮಡಿ ಪುಲಕೇಶಿಯ ನಾಡನ್ನು ವರ್ಣಿಸಿದ ಯಾತ್ರಿಕ ಹ್ಯೂಯೆನ್‌ತ್ಸಾಂಗನೇ.

ಮೊದಲನೆಯದಾದ ದ್ರವ್ಯ ಉಳಿದವುಗಳಿಗೆ ಆಶ್ರಯ. ದ್ರವ್ಯಗಳು ಒಂಬತ್ತು: ಪೃಥಿವಿ, ಜಲ, ತೇಜಸ್ಸು, ವಾಯು, ಆಕಾಶ, ಕಾಲ, ದಿಕ್ಕು, ಆತ್ಮ, ಮನಸ್ಸು. ಇವುಗಳಲ್ಲಿ ಮೊದಲ ನಾಲ್ಕಕ್ಕೆ ಪರಮಾಣುಗಳಿವೆ. ಎರಡು ಪರಮಾಣು ಸೇರಿದರೆ ದ್ವ್ಯಣುಕ, ಮೂರು ದ್ವ್ಯಣುಕ ಸೇರಿದರೆ ತ್ರ್ಯಣುಕ. ಕಿಟಕಿಯಿಂದ ಬಿದ್ದ ಬಿಸಿಲುಕೋಲಿನಲ್ಲಿ ತೇಲಾಡುವ ಧೂಳಿನ ಕಣವೇ ತ್ರ್ಯಣುಕ, ಕಣ್ಣಿಗೆ ಕಾಣುವ ಅತಿ ಚಿಕ್ಕ ವಸ್ತು ಅದು. ಪರಮಾಣುವನ್ನು ಯಾರೂ ಕಂಡಿಲ್ಲ. ಅದು ಅನುಮಾನದಿಂದ, ಅಂದರೆ ತರ್ಕದಿಂದ, ಸಿದ್ಧವಾದದ್ದು. ವಸ್ತುವನ್ನು ಒಡೆಯುತ್ತ ಹೋದರೆ ಎಲ್ಲಿಯೂ ನಿಲ್ಲುವುದಿಲ್ಲ ಎಂದಿಟ್ಟುಕೊಂಡರೆ ಸಾಸಿವೆಗೂ ಮೇರುಪರ್ವತಕ್ಕೂ ಸಮನಾಗಿ ಅನಂತ ಭಾಗಗಳಿರಬೇಕಾಗುತ್ತದೆ, ಗಾತ್ರದಲ್ಲಿ ಭೇದವೇ ಉಳಿಯುವುದಿಲ್ಲ. ಆದ್ದರಿಂದ ಎಲ್ಲೋ ಒಂದು ಕಡೆ ನಿಲ್ಲಲೇಬೇಕು ಎಂಬುದು ಅವರ ವಾದ.

ಗುಣಗಳು 24. ಬಣ್ಣ, ರುಚಿ, ವಾಸನೆ, ಸ್ಪರ್ಶದಿಂದ ಹಿಡಿದು ಸಂಖ್ಯೆ, ಅಳತೆ, ತೂಕ, ಬುದ್ಧಿ, ಸುಖ, ದುಃಖ, ಇಚ್ಛೆ, ದ್ವೇಷದವರೆಗೆ ಎಲ್ಲವೂ ಇಲ್ಲಿ ಬರುತ್ತವೆ. ಗುಣ ಎಂದೂ ದ್ರವ್ಯವನ್ನು ಬಿಟ್ಟು ತಾನೊಂದೇ ಇರುವುದಿಲ್ಲ, ಗುಣದೊಳಗೆ ಇನ್ನೊಂದು ಗುಣವೂ ಇರುವುದಿಲ್ಲ. ಕರ್ಮ ಎಂದರೆ ಚಲನೆ: ಮೇಲಕ್ಕೆ ಎತ್ತುವುದು, ಕೆಳಕ್ಕೆ ಹಾಕುವುದು, ಮಡಿಸುವುದು, ಚಾಚುವುದು, ಸುಮ್ಮನೆ ಹೋಗುವುದು ಎಂದು ಐದು ಬಗೆ. ಮಾಡಿದ್ದುಣ್ಣೋ ಮಹರಾಯ ಎನ್ನುವ ಕರ್ಮಕ್ಕೂ ಇದಕ್ಕೂ ಸಂಬಂಧವಿಲ್ಲ. ಆ ಪುಣ್ಯಪಾಪಗಳನ್ನು ವೈಶೇಷಿಕರು ಧರ್ಮ, ಅಧರ್ಮ ಎಂಬ ಹೆಸರಿನಲ್ಲಿ ಆತ್ಮದ ಗುಣಗಳ ಸಾಲಿಗೆ ಸೇರಿಸುತ್ತಾರೆ.

ನೂಲಿಗಿಂತ ಬಟ್ಟೆ ಬೇರೆಯೇ?

ಇಷ್ಟರವರೆಗೆ ಪಟ್ಟಿ ಸರಳವಾಗಿ ಕಾಣುತ್ತದೆ. ನೂಲುಗಳಿಂದ ಬಟ್ಟೆ ಆಯಿತು ಎಂದಾಗ ಜಗತ್ತಿಗೆ ಹೊಸ ವಸ್ತುವೊಂದು ಸೇರಿತೇ ಎಂದು ಕೇಳಿದೊಡನೆ ಜಗಳ ಶುರುವಾಗುತ್ತದೆ. ಸೇರಿತು ಎನ್ನುತ್ತಾರೆ ವೈಶೇಷಿಕರು. ನೂಲು ಅವಯವ, ಬಟ್ಟೆ ಅವಯವಿ. ಎರಡೂ ಬೇರೆ ಬೇರೆ. ಬಟ್ಟೆ ಮೊದಲು ಇರಲಿಲ್ಲ, ನೇಯ್ದ ಮೇಲೆ ಹುಟ್ಟಿತು. ಕಾರ್ಯವು ಕಾರಣದಲ್ಲಿ ಮೊದಲೇ ಅಡಗಿರುತ್ತದೆ ಎನ್ನುವ ಸಾಂಖ್ಯರಿಗೆ ಇದು ನೇರ ವಿರೋಧ.

ಬೌದ್ಧ ತಾರ್ಕಿಕ ಧರ್ಮಕೀರ್ತಿ ಈ ಅವಯವಿಯನ್ನು ಒಪ್ಪಲಿಲ್ಲ. ಅವಯವಿ ಒಂದೇ ಆಗಿದ್ದರೆ ಕೈ ಅಲುಗಿದಾಗ ಇಡೀ ಮೈ ಅಲುಗಬೇಕು. ಒಂದು ಭಾಗಕ್ಕೆ ಬಣ್ಣ ಹಚ್ಚಿದರೆ ಇಡೀ ವಸ್ತುವಿಗೆ ಬಣ್ಣ ಬರಬೇಕು. ಹಾಗಾಗುವುದಿಲ್ಲವಾದ್ದರಿಂದ ಇರುವುದು ಭಾಗಗಳೇ, ಒಟ್ಟು ವಸ್ತು ಎನ್ನುವುದು ಬುದ್ಧಿಯ ಕಲ್ಪನೆ. ನ್ಯಾಯ ದರ್ಶನದವರಾದ ನೈಯಾಯಿಕರು ಇದಕ್ಕೆ ಕೊಟ್ಟ ಉತ್ತರವನ್ನು ನೋಡಿದರೆ ಅವರು ತಮ್ಮ ಸಿದ್ಧಾಂತಕ್ಕಾಗಿ ಎಷ್ಟು ದೂರ ಹೋಗಲು ಸಿದ್ಧರಿದ್ದರು ಎಂಬುದು ತಿಳಿಯುತ್ತದೆ. ಕೆಂಪು, ಹಳದಿ ನೂಲುಗಳಿಂದ ನೇಯ್ದ ಬಟ್ಟೆಯ ಬಣ್ಣ ಕೆಂಪೂ ಅಲ್ಲ, ಹಳದಿಯೂ ಅಲ್ಲ. ಅದು ‘ಚಿತ್ರ’ ಎಂಬ ಬೇರೆಯೇ ಬಣ್ಣ. ತರ್ಕಸಂಗ್ರಹ ಎಣಿಸುವ ಏಳು ಬಣ್ಣಗಳಲ್ಲಿ ಏಳನೆಯದು ಈ ಚಿತ್ರವೇ. ಒಂದು ವಸ್ತುವಿಗೆ ಒಂದೇ ಬಣ್ಣ ಎಂಬ ನಿಯಮವನ್ನು ಉಳಿಸಿಕೊಳ್ಳಲು ಬಣ್ಣಗಳ ಪಟ್ಟಿಯನ್ನೇ ಬೆಳೆಸಬೇಕಾಯಿತು.

ಜಾತಿ, ವಿಶೇಷ, ಸಮವಾಯ

ನಾಲ್ಕನೆಯ ಪದಾರ್ಥ ಸಾಮಾನ್ಯ, ಅಂದರೆ ಜಾತಿ. ಸಾವಿರ ಹಸುಗಳನ್ನು ಕಂಡರೂ ಪ್ರತಿಸಲ ‘ಇದು ಹಸು’ ಎಂಬ ಒಂದೇ ತೆರನ ಅರಿವು ಹುಟ್ಟುತ್ತದೆ. ಅದಕ್ಕೆ ಕಾರಣ ಅವೆಲ್ಲವುಗಳಲ್ಲಿ ಇರುವ, ಒಂದೇ ಆದ, ನಿತ್ಯವಾದ ಗೋತ್ವ. ಹಸುಗಳು ಹುಟ್ಟಿ ಸಾಯುತ್ತವೆ, ಗೋತ್ವ ಹುಟ್ಟುವುದೂ ಇಲ್ಲ, ಸಾಯುವುದೂ ಇಲ್ಲ. ದಿಙ್ನಾಗ ಮತ್ತು ಅವನ ಪರಂಪರೆಯ ಬೌದ್ಧರು ಇದನ್ನೂ ಅಲ್ಲಗಳೆದರು: ಹಸುವಲ್ಲದ್ದರಿಂದ ಬೇರೆಯಾಗಿರುವುದಷ್ಟೇ ಹಸುಗಳಲ್ಲಿ ಸಮಾನ, ಅದಕ್ಕಾಗಿ ಇನ್ನೊಂದು ನಿತ್ಯವಸ್ತು ಬೇಡ. ಈ ವಾದಕ್ಕೆ ಅಪೋಹವಾದ ಎಂದು ಹೆಸರು. ಸಿಕ್ಕಸಿಕ್ಕ ಧರ್ಮವನ್ನೆಲ್ಲ ಜಾತಿ ಎನ್ನುವಂತಿಲ್ಲ ಎಂಬ ಎಚ್ಚರ ವೈಶೇಷಿಕರಿಗೂ ಇತ್ತು. ಯಾವುದು ಜಾತಿಯಾಗಲಾರದು ಎಂದು ತೀರ್ಮಾನಿಸಲು ಉದಯನ ಆರು ಬಾಧಕಗಳನ್ನು ಹೇಳಿದ. ಉದಾಹರಣೆಗೆ, ಆಕಾಶ ಒಂದೇ ಇರುವುದರಿಂದ ಆಕಾಶತ್ವ ಜಾತಿಯಲ್ಲ.

ಐದನೆಯದು ವಿಶೇಷ. ಎರಡು ಮಡಕೆಗಳನ್ನು ಅವುಗಳ ಭಾಗಗಳಿಂದ ಬೇರ್ಪಡಿಸಿ ಗುರುತಿಸಬಹುದು. ಭಾಗಗಳೇ ಇಲ್ಲದ, ಗುಣಗಳಲ್ಲಿಯೂ ಒಂದೇ ತೆರನಾದ ಎರಡು ಪರಮಾಣುಗಳನ್ನು ಬೇರ್ಪಡಿಸುವುದು ಯಾವುದು? ಪ್ರತಿಯೊಂದರಲ್ಲಿಯೂ ಅದರದೇ ಆದ ಒಂದು ವಿಶೇಷವಿದೆ ಎಂಬುದು ಉತ್ತರ. ವಿಶೇಷಗಳು ಮಾತ್ರ ತಮ್ಮಷ್ಟಕ್ಕೆ ತಾವೇ ಬೇರೆ, ಅವುಗಳನ್ನು ಬೇರ್ಪಡಿಸಲು ಮತ್ತೊಂದು ಬೇಡ. 

ಆರನೆಯದಾದ ಸಮವಾಯ ಒಂದು ಸಂಬಂಧ. ಮೇಜಿನ ಮೇಲಿನ ಪುಸ್ತಕವನ್ನು ಎತ್ತಿಟ್ಟರೆ ಎರಡೂ ಹಾಗೆಯೇ ಉಳಿಯುತ್ತವೆ; ಅದು ಸಂಯೋಗ. ಪುಸ್ತಕದ ಬಣ್ಣವನ್ನು ಪುಸ್ತಕದಿಂದ ಹೀಗೆ ಬಿಡಿಸಿ ಪಕ್ಕಕ್ಕಿಡಲು ಬರುವುದಿಲ್ಲ. ಗುಣ ಮತ್ತು ದ್ರವ್ಯ, ಚಲನೆ ಮತ್ತು ಚಲಿಸುವ ವಸ್ತು, ಜಾತಿ ಮತ್ತು ವ್ಯಕ್ತಿ, ಅವಯವ ಮತ್ತು ಅವಯವಿ, ವಿಶೇಷ ಮತ್ತು ನಿತ್ಯದ್ರವ್ಯ ಈ ಐದು ಜೋಡಿಗಳನ್ನು ಬೆಸೆಯುವುದು ಸಮವಾಯ. ಶಂಕರಾಚಾರ್ಯರು ಬ್ರಹ್ಮಸೂತ್ರ ಭಾಷ್ಯದ ಎರಡನೆಯ ಅಧ್ಯಾಯದಲ್ಲಿ ಇದರ ಬುಡಕ್ಕೇ ಕೈ ಹಾಕಿದರು. ಎರಡನ್ನು ಬೆಸೆಯುವ ಸಮವಾಯ ಆ ಎರಡಕ್ಕಿಂತ ಬೇರೆಯಾಗಿದ್ದರೆ, ಅದನ್ನು ಅವುಗಳೊಡನೆ ಬೆಸೆಯಲು ಇನ್ನೊಂದು ಸಂಬಂಧ ಬೇಕು, ಅದಕ್ಕೆ ಮತ್ತೊಂದು. ಹೀಗೆ ಕೊನೆಯಿಲ್ಲದ ಅನವಸ್ಥೆ. ಸಮವಾಯ ತನ್ನ ಸ್ವರೂಪದಿಂದಲೇ ಬೆಸೆದುಕೊಳ್ಳುತ್ತದೆ, ಅದಕ್ಕೆ ಬೇರೆ ಸಂಬಂಧ ಬೇಡ ಎಂದು ನೈಯಾಯಿಕರು ಉತ್ತರಿಸಿದರು. ಇಂಗ್ಲೆಂಡಿನ ತತ್ತ್ವಜ್ಞಾನಿ ಎಫ್. ಎಚ್. ಬ್ರಾಡ್ಲಿ 1893ರ ತನ್ನ ‘ಅಪಿಯರೆನ್ಸ್ ಅಂಡ್ ರಿಯಾಲಿಟಿ’ಯಲ್ಲಿ ಸಂಬಂಧಗಳ ವಿರುದ್ಧ ಹೂಡಿದ ವಾದವೂ ಇದೇ ದಾರಿಯದು.

ಇಲ್ಲದಿರುವುದೂ ಇದೆಯೇ?

ಏಳನೆಯ ಪದಾರ್ಥ ಎಲ್ಲಕ್ಕಿಂತ ವಿಚಿತ್ರ. ‘ಇಲ್ಲಿ ಮಡಕೆ ಇಲ್ಲ’ ಎಂಬ ಅರಿವು ನಿಜವಾಗಿದ್ದರೆ ಆ ಅರಿವಿಗೆ ವಿಷಯವಾಗಿ ಏನಾದರೂ ಇರಲೇಬೇಕು. ಆ ವಿಷಯವೇ ಅಭಾವ. ಪ್ರಾಭಾಕರ ಮೀಮಾಂಸಕರಿಗೆ ಇದು ಅನಗತ್ಯವೆನಿಸಿತು: ಕಾಣುವುದು ಬರಿಯ ನೆಲ ಮಾತ್ರ, ಬೇರೆ ವಸ್ತು ಏಕೆ? ಮಡಕೆ ಇದ್ದಾಗಲೂ ನೆಲ ಇತ್ತಲ್ಲ, ಈಗ ಅದನ್ನು ‘ಬರಿಯ’ ನೆಲ ಎನ್ನುವಾಗ ಆ ಬರಿದುತನ ಏನು ಎಂಬುದು ನೈಯಾಯಿಕರ ಮರುಪ್ರಶ್ನೆ. ಅವರ ಲೆಕ್ಕದಲ್ಲಿ ಅಭಾವ ನಾಲ್ಕು ಬಗೆ. ಮಡಕೆ ಹುಟ್ಟುವ ಮುಂಚಿನದು ಪ್ರಾಗಭಾವ, ಒಡೆದ ಮೇಲಿನದು ಪ್ರಧ್ವಂಸಾಭಾವ, ಗಾಳಿಯಲ್ಲಿ ಬಣ್ಣವಿಲ್ಲ ಎಂಬುದು ಅತ್ಯಂತಾಭಾವ, ಮಡಕೆ ಬಟ್ಟೆಯಲ್ಲ ಎಂಬುದು ಅನ್ಯೋನ್ಯಾಭಾವ.

ಹಾಗಾದರೆ ಅಭಾವವೂ ಮಡಕೆಯೂ ಒಂದೇ ರೀತಿಯಲ್ಲಿ ಇವೆಯೇ? ಇಲ್ಲ. ಅರಿವಿಗೆ ಸಿಗುವುದು, ಮಾತಿಗೆ ಸಿಗುವುದು ಎಲ್ಲ ಪದಾರ್ಥಗಳಿಗೂ ಸಮಾನ. ಆದರೆ ಸತ್ತೆ (ಇರುವಿಕೆ) ಎಂಬ ಜಾತಿ ಇರುವುದು ದ್ರವ್ಯ, ಗುಣ, ಕರ್ಮ ಈ ಮೂರರಲ್ಲಿ ಮಾತ್ರ. ಸಾಮಾನ್ಯ, ವಿಶೇಷ, ಸಮವಾಯಗಳು ಸತ್ತೆಯ ಹಂಗಿಲ್ಲದೆ ತಮ್ಮ ಸ್ವರೂಪದಿಂದಲೇ ಇರುತ್ತವೆ. ಇರುವಿಕೆಗೂ ಮಟ್ಟಗಳಿವೆ ಎಂಬ ಈ ಮಾತು ವೈಶೇಷಿಕರ ಮುಖ್ಯ ಕೊಡುಗೆ.

ಬೇರೆ ದರ್ಶನಗಳು ಇರುವಿಕೆಗೆ ಬೇರೆ ಒರೆಗಲ್ಲು ಹಿಡಿದವು. ಏನನ್ನಾದರೂ ಉಂಟುಮಾಡಬಲ್ಲದ್ದೇ ಇರುವಂಥದ್ದು ಎಂದರು ಬೌದ್ಧ ತಾರ್ಕಿಕರು. ಹುಟ್ಟು, ನಾಶ, ಸ್ಥಿರತೆ ಮೂರೂ ಒಟ್ಟಿಗಿರುವುದೇ ಸತ್ತು ಎಂದರು ಜೈನರು. ಮೂರು ಕಾಲದಲ್ಲಿಯೂ ಬಾಧೆಗೊಳಗಾಗದ್ದು, ಅಂದರೆ ಸುಳ್ಳೆನಿಸದ್ದು, ಮಾತ್ರ ಪರಮಾರ್ಥ ಎಂದರು ಅದ್ವೈತಿಗಳು. ಉಡುಪಿಯ ಬಳಿಯ ಪಾಜಕದಲ್ಲಿ 13ನೇ ಶತಮಾನದಲ್ಲಿ ಹುಟ್ಟಿದ ಮಧ್ವಾಚಾರ್ಯರು ‘ತತ್ತ್ವಸಂಖ್ಯಾನ’ದಲ್ಲಿ ವಿಂಗಡಣೆಯನ್ನು ಸ್ವತಂತ್ರ, ಅಸ್ವತಂತ್ರ ಎಂಬ ಎರಡರಿಂದ ಆರಂಭಿಸಿದರು: ಸ್ವತಂತ್ರ ವಿಷ್ಣು ಒಬ್ಬನೇ, ಉಳಿದುದೆಲ್ಲ ನಿಜವಾದರೂ ಅವನ ಅಧೀನ. ಅವರ ಪರಂಪರೆ ಸಮವಾಯವನ್ನು ಕೈಬಿಟ್ಟು, ವಿಶೇಷಕ್ಕೆ ಹೊಸ ಅರ್ಥ ಕೊಟ್ಟು, ಶಕ್ತಿ, ಸಾದೃಶ್ಯಗಳನ್ನು ಸೇರಿಸಿ ಹತ್ತು ಪದಾರ್ಥಗಳನ್ನು ಹೇಳುತ್ತದೆ. ವಿಜಯನಗರದಲ್ಲಿ ನೆಲೆಸಿದ್ದ ವ್ಯಾಸತೀರ್ಥರ ‘ತರ್ಕತಾಂಡವ’ ನ್ಯಾಯ ವೈಶೇಷಿಕ ಮತಗಳ ಸವಿಸ್ತಾರ ಖಂಡನೆ.

ಪಟ್ಟಿಗೆ ಪೆಟ್ಟು ಒಳಗಿನಿಂದಲೂ ಬಿತ್ತು. 16ನೇ ಶತಮಾನದ ಬಂಗಾಳದ ನೈಯಾಯಿಕ ರಘುನಾಥ ಶಿರೋಮಣಿ ‘ಪದಾರ್ಥತತ್ತ್ವನಿರೂಪಣ’ದಲ್ಲಿ ವಿಶೇಷವನ್ನು ತಳ್ಳಿಹಾಕಿದ: ವಿಶೇಷಗಳು ತಮ್ಮಷ್ಟಕ್ಕೆ ತಾವೇ ಬೇರೆಯಾಗಿ ನಿಲ್ಲಬಲ್ಲವಾದರೆ ಪರಮಾಣುಗಳೇ ಏಕೆ ಹಾಗೆ ನಿಲ್ಲಬಾರದು? ಕಾಲ ಮತ್ತು ದಿಕ್ಕುಗಳನ್ನು ಈಶ್ವರನಲ್ಲೇ ಅಡಗಿಸಿದ. ಸಂಖ್ಯೆ ಗುಣವಲ್ಲ, ಅದೇ ಒಂದು ಬೇರೆ ಪದಾರ್ಥ ಎಂದ. ಗುಣದಲ್ಲಿ ಗುಣವಿರುವುದಿಲ್ಲ ಎನ್ನುವವರು ಗುಣಗಳು 24 ಎಂದು ಎಣಿಸುವುದು ಹೇಗೆ ಎಂಬ ತೊಡಕು ಇದರಿಂದ ಬಗೆಹರಿಯುತ್ತದೆ.

ಅಮೆರಿಕದ ಡಬ್ಲ್ಯೂ. ವಿ. ಕ್ವೈನ್ 1948ರಲ್ಲಿ ‘ಏನಿದೆ’ ಎಂಬ ಪ್ರಶ್ನೆಯನ್ನೇ ಶೀರ್ಷಿಕೆಯಾಗಿಸಿ ಬರೆದ ಪ್ರಬಂಧದಿಂದ ಈಚೆಗೆ ಪಶ್ಚಿಮದಲ್ಲಿಯೂ ಈ ವಿಚಾರಕ್ಕೆ ಮತ್ತೆ ಬಲ ಬಂದಿದೆ. ಜಾತಿ, ಸಂಬಂಧ, ಅವಯವಿ, ಅಭಾವ ಅಲ್ಲಿಯೂ ಇನ್ನೂ ತೀರ್ಮಾನವಾಗದ ವಿಷಯಗಳೇ. ಪದಾರ್ಥಗಳು ಏಳೇ ಎಂಬ ಲೆಕ್ಕವನ್ನು ಇಂದು ಒಪ್ಪದಿರಬಹುದು. ಆ ಲೆಕ್ಕದ ಹಿಂದಿನ ಶಿಸ್ತನ್ನು ಮಾತ್ರ ಬಿಡುವಂತಿಲ್ಲ: ಅನುಭವ ಬೇಡಿದರೆ ಹೊಸ ಪದಾರ್ಥವನ್ನು ಒಪ್ಪಬೇಕು, ಇದ್ದುದರಲ್ಲೇ ಕೆಲಸ ನಡೆದರೆ ಹೊಸದನ್ನು ಕಲ್ಪಿಸಬಾರದು.