ಎರಡನೆಯ ಓಸ್ವಾಲ್ಡ್

1963ರ ನವೆಂಬರ್ 22ರಂದು ಡಲ್ಲಾಸ್ ನಗರದಲ್ಲಿ ಅಮೆರಿಕದ ಅಧ್ಯಕ್ಷ ಜಾನ್ ಎಫ್. ಕೆನಡಿ ಗುಂಡೇಟಿಗೆ ಬಲಿಯಾದರು. ಆರೋಪಿ ಲೀ ಹಾರ್ವಿ ಓಸ್ವಾಲ್ಡ್‌ಗೆ ಆಗ 24 ವರ್ಷ. ಎರಡೇ ದಿನಕ್ಕೆ, ಪೊಲೀಸರ ಕಾವಲಿನಲ್ಲಿದ್ದಾಗಲೇ, ಜ್ಯಾಕ್ ರೂಬಿ ಎಂಬವನು ಅವನನ್ನೂ ಗುಂಡಿಟ್ಟು ಕೊಂದ. ಮೊಕದ್ದಮೆ ನಡೆಯಲೇ ಇಲ್ಲ. ನ್ಯಾಯಾಲಯ ಕೇಳಬೇಕಿದ್ದುದನ್ನೆಲ್ಲ ಆಮೇಲೆ ಕಂಡಕಂಡವರು ಕೇಳತೊಡಗಿದರು. ಓಸ್ವಾಲ್ಡನ ಹೆಸರು ಹೇಳಿಕೊಂಡು ಬೇರೊಬ್ಬ ಓಡಾಡುತ್ತಿದ್ದನೇ ಎಂಬುದು ಅದರಲ್ಲೊಂದು.

ಈ ಅನುಮಾನಗಳನ್ನು ಜರಡಿ ಹಿಡಿಯಬೇಕಾದರೆ ಮೊದಲು ತಾರೀಖು ನೋಡಬೇಕು. ಕೊಲೆಗೆ ಮುಂಚೆಯೇ ಕಾಗದಕ್ಕೆ ಬಿದ್ದಿತ್ತೋ, ಅಥವಾ ಟಿವಿಯಲ್ಲಿ ಅವನ ಮುಖ ಕಂಡಮೇಲೆ ಯಾರಿಗೋ ನೆನಪಾಯಿತೋ?

ಆಮೇಲೆ ನೆನಪಾದವೇ ಹೆಚ್ಚು. ನವೆಂಬರ್ 9ರಂದು ಓಸ್ವಾಲ್ಡ್ ಬಂದು ಹೊಸ ಕಾರನ್ನು ಹೆದ್ದಾರಿಯಲ್ಲಿ ಯದ್ವಾತದ್ವಾ ಓಡಿಸಿ ನೋಡಿದ ಎಂದು ಡಲ್ಲಾಸಿನ ಕಾರು ಮಾರಾಟಗಾರನೊಬ್ಬ ಹೇಳಿದ. ಓಸ್ವಾಲ್ಡನಿಗೆ ಲೈಸೆನ್ಸೇ ಇರಲಿಲ್ಲ, ಡ್ರೈವಿಂಗ್ ಇನ್ನೂ ಕಲಿಯುತ್ತಿದ್ದ. ಅವನು ಬಂದೂಕಿನ ಗುರಿ ಅಭ್ಯಾಸ ಮಾಡುತ್ತಿದ್ದುದನ್ನು ಕಂಡೆವು ಎಂದು ಇನ್ನು ಕೆಲವರು ಹೇಳಿದರು. ಕೊಲೆಯ ತನಿಖೆಗೆ ನೇಮಕವಾಗಿದ್ದ ವಾರನ್ ಆಯೋಗ 1964ರ ವರದಿಯಲ್ಲಿ ಇವನ್ನೆಲ್ಲ ತಳ್ಳಿಹಾಕಿತು. ರಿಚರ್ಡ್ ಪಾಪ್ಕಿನ್ ಹಾಗೆ ಬಿಡಲಿಲ್ಲ. 1966ರಲ್ಲಿ ‘ದಿ ಸೆಕೆಂಡ್ ಓಸ್ವಾಲ್ಡ್’ ಎಂಬ ಪುಸ್ತಕ ಬರೆದು, ಸಾಕ್ಷಿಗಳು ಸುಳ್ಳಾಡಿಲ್ಲ, ಅವನನ್ನೇ ಹೋಲುವ ಇನ್ನೊಬ್ಬನನ್ನು ಕಂಡಿದ್ದಾರೆ ಎಂದರು. ಪಾಪ್ಕಿನ್ ತತ್ತ್ವಶಾಸ್ತ್ರದ ಪ್ರಾಧ್ಯಾಪಕರು, ಸಂದೇಹವಾದದ ಇತಿಹಾಸವೇ ಅವರ ಪರಿಣತಿ. ಕಣ್ಣಾರೆ ಕಂಡವರ ಮಾತಿನ ಮೇಲೆ ಮಾತ್ರ ಅವರಿಗೆ ಅಷ್ಟೇನೂ ಸಂದೇಹ ಬರಲಿಲ್ಲ! ಓಸ್ವಾಲ್ಡನದು ಡಲ್ಲಾಸಿನಲ್ಲಿ ಎಲ್ಲೆಂದರಲ್ಲಿ ಸಿಗಬಹುದಾದ ಮುಖ. ಅವನು ಕೆಲಸ ಮಾಡುತ್ತಿದ್ದ ಕಟ್ಟಡದ ಬಾಗಿಲಲ್ಲಿ ನಿಂತಿದ್ದ ಸಹೋದ್ಯೋಗಿಯೊಬ್ಬನ ಚಿತ್ರವನ್ನೇ ಎಷ್ಟೋ ಜನ ಓಸ್ವಾಲ್ಡ್ ಎಂದು ವಾದಿಸಿದ್ದರು.

ಕೊಲೆಗೆ ಮೊದಲೇ ಬರೆದಿಟ್ಟ ಕಾಗದಗಳ ವಿಷಯ ಬೇರೆ. 1959ರಲ್ಲಿ ಓಸ್ವಾಲ್ಡ್ ಸೋವಿಯತ್ ಒಕ್ಕೂಟಕ್ಕೆ ಹೋಗಿ ನೆಲೆಸಿದ್ದ. 1960ರ ಜೂನ್ 3ರ ಎಫ್‌ಬಿಐ ಪತ್ರವೊಂದು, ಓಸ್ವಾಲ್ಡನ ಜನನ ಪ್ರಮಾಣಪತ್ರವನ್ನು ಯಾರೋ ಸೋಗುಗಾರ ಬಳಸುತ್ತಿರಬಹುದು ಎಂದು ವಿದೇಶಾಂಗ ಇಲಾಖೆಯನ್ನು ಎಚ್ಚರಿಸಿತ್ತು. ಅದರಡಿ ಇದ್ದದ್ದು ಮುಖ್ಯಸ್ಥ ಜೆ. ಎಡ್ಗರ್ ಹೂವರ್ ಅವರ ಹೆಸರು. ಬ್ರಿಟಿಷ್ ವಕೀಲ ಮೈಕೆಲ್ ಎಡ್ಡೋಸ್‌ಗೆ ಈ ಎಳೆಯೇ ಸಾಕಾಯಿತು. ರಷ್ಯಾದಿಂದ 1962ರಲ್ಲಿ ಮರಳಿದವನು ಓಸ್ವಾಲ್ಡನೇ ಅಲ್ಲ, ಅವನ ವೇಷದ ಕೆಜಿಬಿ ಗೂಢಚಾರ ಎಂದು ಅವರು ವಾದಿಸಿದರು. ಸೇನೆಯ ಕಾಗದದಲ್ಲಿ ಎತ್ತರ 5 ಅಡಿ 11 ಅಂಗುಲ, ಶವಪರೀಕ್ಷೆಯಲ್ಲಿ 5 ಅಡಿ 9 ಅಂಗುಲ!

ಈ ವಾದಕ್ಕೆ ಒಂದು ಒಳ್ಳೆಯ ಗುಣವಿತ್ತು: ಅಗೆದು ನೋಡಬಹುದಿತ್ತು. ಓಸ್ವಾಲ್ಡನ ಅಣ್ಣ ಕೋರ್ಟಿನಲ್ಲಿ ತಡೆಯಲು ನೋಡಿದರೂ ಹೆಂಡತಿ ಮರೀನಾ ಒಪ್ಪಿದ್ದರಿಂದ 1981ರ ಅಕ್ಟೋಬರ್ 4ರಂದು ಗೋರಿ ತೆರೆದರು. ಡಾ. ಲಿಂಡಾ ನಾರ್ಟನ್ ನೇತೃತ್ವದ ತಂಡ ಹಲ್ಲುಗಳನ್ನು ಸೇನೆಯಲ್ಲಿದ್ದಾಗ ತೆಗೆದ ಎಕ್ಸ್‌ರೇಗಳ ಜೊತೆ ಹೋಲಿಸಿತು. ಎಡಕಿವಿಯ ಹಿಂದಿನ ಎಲುಬಿನಲ್ಲಿ ಅಂಚು ನುಣುಪಾದ ಒಂದು ತೂತಿತ್ತು. ಆರು ವರ್ಷದ ಹುಡುಗನಾಗಿದ್ದಾಗ ಆದ ಕಿವಿಯ ಶಸ್ತ್ರಚಿಕಿತ್ಸೆಯ ಗುರುತು ಅದು. ಹಲ್ಲೂ ಹೊಂದಿತು, ಎಲುಬೂ ಹೊಂದಿತು. ಎಡ್ಡೋಸ್ ವಾದ ಅಲ್ಲಿಗೆ ಮುಗಿಯಿತು, ಆದರೂ 2003ರಲ್ಲಿ ಇನ್ನೊಬ್ಬ ಲೇಖಕ ಇಬ್ಬರು ಓಸ್ವಾಲ್ಡರು, ಇಬ್ಬರು ತಾಯಂದಿರು ಎನ್ನುವ ದಪ್ಪ ಪುಸ್ತಕ ತಂದರು.

ಉಳಿದದ್ದು ಮೆಕ್ಸಿಕೊ. 1963ರ ಸೆಪ್ಟೆಂಬರ್ ಕೊನೆಯಲ್ಲಿ ಓಸ್ವಾಲ್ಡ್ ವೀಸಾಕ್ಕಾಗಿ ಮೆಕ್ಸಿಕೊ ಸಿಟಿಯ ಕ್ಯೂಬಾ ಕಾನ್ಸುಲೇಟ್‌ಗೂ ಸೋವಿಯತ್ ರಾಯಭಾರ ಕಚೇರಿಗೂ ಎಡತಾಕಿದ. ಆ ರಾಯಭಾರ ಕಚೇರಿಯ ಫೋನನ್ನು ಸಿಐಎ ಕದ್ದಾಲಿಸುತ್ತಿತ್ತು, ಒಳಗೆ ಹೋಗಿಬರುವವರ ಫೋಟೊ ತೆಗೆಯುತ್ತಿತ್ತು. ಕೊಲೆಗೆ ಆರು ವಾರ ಮೊದಲು, ಅಕ್ಟೋಬರ್ 10ರಂದು, ಸಿಐಎ ಕಳಿಸಿದ ಸಂದೇಶದಲ್ಲಿ ‘ಓಸ್ವಾಲ್ಡ್’ ಸುಮಾರು 35 ವಯಸ್ಸಿನ, ಆರಡಿ ಎತ್ತರದ, ಗಟ್ಟಿಮುಟ್ಟಾದ ಆಳು. ಫೋಟೊದಲ್ಲಿದ್ದವನಂತೂ ಯಾರೋ ಬೇರೆಯೇ. ಕೊಲೆಯ ಮರುದಿನ ಬೆಳಿಗ್ಗೆ ಹೂವರ್, ಹೊಸ ಅಧ್ಯಕ್ಷ ಲಿಂಡನ್ ಜಾನ್ಸನ್‌ಗೆ ಫೋನಿನಲ್ಲಿ ಚಿತ್ರವೂ ಟೇಪಿನ ದನಿಯೂ ಓಸ್ವಾಲ್ಡನವಲ್ಲ ಎಂದರು. ಟೇಪು ತಮಗೆ ಬಂದೇ ಇರಲಿಲ್ಲ, ಬರಹರೂಪವಷ್ಟೇ ಬಂದಿತ್ತು ಎಂದು ಎಫ್‌ಬಿಐ ಆಮೇಲೆ ಹೇಳಿತು. ಟೇಪನ್ನು ಎಂದಿನಂತೆ ಅಳಿಸಿ ಮತ್ತೆ ಬಳಸಿದೆವು ಎಂದಿತು ಸಿಐಎ.

ಕಾನ್ಸುಲೇಟ್‌ಗೆ ಬಂದವನು ಓಸ್ವಾಲ್ಡನೇ ಎಂಬುದರಲ್ಲಿ ನನಗೆ ಸಂಶಯವಿಲ್ಲ. ವೀಸಾ ಅರ್ಜಿಯಲ್ಲಿ ಅವನ ಫೋಟೊ ಇದೆ, ಸಹಿ ಅವನದೇ ಎಂದು ಅಕ್ಷರತಜ್ಞರು ಹೇಳಿದರು. ಸೋವಿಯತ್ ರಾಯಭಾರ ಕಚೇರಿಯಲ್ಲಿ ಅವನನ್ನು ಮುಖಾಮುಖಿ ಕಂಡ ಕೆಜಿಬಿ ಅಧಿಕಾರಿ ಒಲೆಗ್ ನೆಚಿಪೊರೆಂಕೊ 1993ರಲ್ಲಿ ಅದನ್ನೇ ಬರೆದರು. ಕ್ಯೂಬಾದ ಕಾನ್ಸುಲ್ ಯುಸೆಬಿಯೊ ಅಸ್ಕ್ಯು ಮಾತ್ರ, ಬಂದವನು ಹೊಂಬಣ್ಣದ ಕೂದಲಿನ ಬೇರೊಬ್ಬ ಎಂದು 1978ರಲ್ಲೂ ಪಟ್ಟು ಹಿಡಿದಿದ್ದರು.

ಫೋನಿನ ವಿಚಾರ ಅಷ್ಟು ಸಲೀಸಲ್ಲ. ಸೆಪ್ಟೆಂಬರ್ 28, ಶನಿವಾರ. ಕ್ಯೂಬಾ ಕಾನ್ಸುಲೇಟ್‌ನಿಂದ ಅಲ್ಲಿನ ಉದ್ಯೋಗಿ ಹೆಂಗಸು ಸೋವಿಯತ್ ರಾಯಭಾರ ಕಚೇರಿಗೆ ಕರೆ ಮಾಡಿ, ಅಮೆರಿಕದವನೊಬ್ಬನಿಗೆ ಫೋನು ಕೊಟ್ಟಂತೆ ದಾಖಲೆ ಇದೆ. ಶನಿವಾರ ಕಚೇರಿಗೆ ಸಾರ್ವಜನಿಕರ ಪ್ರವೇಶವಿರಲಿಲ್ಲ, ಆ ಕರೆ ತನ್ನದಲ್ಲ ಎಂದು ಆಕೆ ಹೇಳುತ್ತಲೇ ಬಂದರು. ಬರಹಕ್ಕೆ ಇಳಿಸಿದವರು, ಗಂಡಸು ಆಡಿದ್ದು ಹರಕುಮುರುಕು ರಷ್ಯನ್ ಎಂದು ಗುರುತು ಹಾಕಿದರು. ಓಸ್ವಾಲ್ಡನೋ ಎರಡು ವರ್ಷಕ್ಕೂ ಮೇಲೆ ಮಿನ್ಸ್ಕ್‌ನಲ್ಲಿ ಬಾಳಿ, ಮನೆಯಲ್ಲಿ ಹೆಂಡತಿಯೊಡನೆ ರಷ್ಯನ್ನೇ ಆಡುತ್ತಿದ್ದವನು. ಅಮೆರಿಕ ಸಂಸತ್ತಿನ ಹತ್ಯಾ ತನಿಖಾ ಸಮಿತಿಗಾಗಿ ಎಡ್ವಿನ್ ಲೋಪೆಜ್ ಮತ್ತು ಡಾನ್ ಹಾರ್ಡ್‌ವೇ ಸಿದ್ಧಪಡಿಸಿದ ವರದಿ ಇದನ್ನೆಲ್ಲ ಸೋಸಿ, ಹೆಚ್ಚಿನ ಪುರಾವೆ ಓಸ್ವಾಲ್ಡನತ್ತಲೇ ಬೆರಳು ತೋರಿಸುತ್ತದೆ, ಆದರೂ ಅವನ ಹೆಸರನ್ನು ಬೇರೊಬ್ಬ ಬಳಸಿರುವ ಸಾಧ್ಯತೆಯನ್ನು ಪೂರ್ತಿ ತಳ್ಳಿಹಾಕಲಾಗದು ಎಂದಿತು. 1990ರ ದಶಕದಲ್ಲಿ ಜನರ ಕೈಗೆ ಬಂದಾಗ ಆ ವರದಿಯ ಎಷ್ಟೋ ಸಾಲುಗಳಿಗೆ ಇನ್ನೂ ಮಸಿ ಬಳಿದಿತ್ತು.